ಹಿತ್ತಲಿನ ಕನಕಾಂಬರ ಹೊಲಕ್ಕೆ ಬಂದಾಗ

ಕನ್ನಡ ನಾಡಿನ ಹಳ್ಳಿಗಳಲ್ಲಿ ಬೆಳೆದವರಿಗೆ ಕನಕಾಂಬರದ ಗಿಡವನ್ನು ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಬಚ್ಚಲಿನ ನೀರು ಹರಿದು ಹೋಗುವ ಕಡೆ, ಬಾವಿಕಟ್ಟೆಯ ಬದಿಯಲ್ಲಿ, ನುಗ್ಗೆ ಮರದ ಅರೆನೆರಳಿನಲ್ಲಿ ನಾಲ್ಕಾರು ಗಿಡಗಳು ತಮ್ಮಷ್ಟಕ್ಕೆ ತಾವೇ ಬೆಳೆದು ವರ್ಷದ ಬಹುಕಾಲ ಹೂ ಕೊಡುತ್ತಿದ್ದವು. ಬೆಳಿಗ್ಗೆ ಹೂ ಬಿಡಿಸುವುದು ಮನೆಯ ಮಕ್ಕಳ ಕೆಲಸ. ಹೂ ಮುಗಿದ ಮೇಲೆ ಉಳಿದ ಒಣ ತೆನೆಗಳೂ ಮಕ್ಕಳ ಪಾಲಿಗೇ ಸೇರುತ್ತಿದ್ದವು. ಒಣ ತೆನೆಯನ್ನು ನೀರಿನ ಬಟ್ಟಲಿಗೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಕಾಯಿಗಳು ಚಟಪಟ ಸಿಡಿದು ಬೀಜಗಳು ದೂರಕ್ಕೆ ಹಾರುತ್ತಿದ್ದವು. ಹಣ ಖರ್ಚಿಲ್ಲದ ಈ ಪಟಾಕಿಯನ್ನು ಮರೆತವರು ಕಡಿಮೆ.

ಈ ಸವಿನೆನಪಿನ ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಉಳಿದುಬಂದಿದೆ. ‘ಕನಕಾಂಬರಕ್ಕೆ ಆರೈಕೆ ಬೇಕಿಲ್ಲ, ಎಲ್ಲಿ ಬಿದ್ದರೂ ಬದುಕುತ್ತದೆ’ ಎಂಬುದೇ ಆ ತಿಳಿವಳಿಕೆ. ಇದನ್ನು ನಂಬಿ ಹತ್ತಾರು ಗುಂಟೆ ಜಮೀನಿನಲ್ಲಿ ಕನಕಾಂಬರ ಹಾಕಿದ ರೈತರು ಮೊದಲ ವರ್ಷ ಸಂತೋಷಪಟ್ಟು, ಎರಡನೆಯ ವರ್ಷ ಗಿಡಗಳು ಗುಂಪುಗುಂಪಾಗಿ ಕುಳ್ಳಾಗಿ, ಎಲೆ ಕೆಂಪೇರಿ, ಸೊರಗಿ ಸಾಯುವುದನ್ನು ಕಂಡು ಕಂಗಾಲಾಗುವುದುಂಟು. ಸತ್ತ ಗಿಡದ ಗುಳಿಯಲ್ಲಿಯೇ ಹೊಸ ಸಸಿ ನೆಟ್ಟರೆ ಅದೂ ಸಾಯುತ್ತದೆ. ನೀರು ಹೆಚ್ಚಿಸಿದರೂ ಗೊಬ್ಬರ ಹೆಚ್ಚಿಸಿದರೂ ಪ್ರಯೋಜನವಾಗುವುದಿಲ್ಲ.

ಹಿತ್ತಲಿನಲ್ಲಿ ಯಾರ ಹಂಗೂ ಇಲ್ಲದೆ ಬದುಕಿದ ಗಿಡ ಹೊಲದಲ್ಲಿ ಏಕೆ ಸಾಯುತ್ತದೆ? ಇದಕ್ಕೆ ಉತ್ತರ ತಿಳಿದರೆ ಕನಕಾಂಬರದ ಬೇಸಾಯದಲ್ಲಿ ಅರ್ಧಕ್ಕೂ ಹೆಚ್ಚು ಪಾಠ ಕಲಿತಂತೆ.

ಗಿಡದ ಪರಿಚಯ

ಕನಕಾಂಬರ ಆಡುಸೋಗೆಯ ಕುಟುಂಬಕ್ಕೆ ಸೇರಿದ ನಿತ್ಯಹಸಿರಿನ ಪುಟ್ಟ ಪೊದೆ. ಇದರ ಶಾಸ್ತ್ರೀಯ ಹೆಸರು ಕ್ರಾಸಾಂಡ್ರ ಇನ್‌ಫಂಡಿಬುಲಿಫಾರ್ಮಿಸ್. ಎರಡನೆಯ ಪದಕ್ಕೆ ಆಲಿಕೆಯ ಆಕಾರದ್ದು ಎಂದು ಅರ್ಥ. ಹೂವಿನ ಬುಡ ಸಣ್ಣ ಕೊಳವೆಯಂತಿದ್ದು ಮೇಲ್ಭಾಗ ಬೀಸಣಿಗೆಯಂತೆ ಒಂದೇ ಕಡೆಗೆ ಅಗಲವಾಗಿ ಬಿಚ್ಚಿಕೊಳ್ಳುವುದರಿಂದ ಈ ಹೆಸರು ಬಂದಿದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. ಆದುದರಿಂದ ಇದು ಹೊರಗಿನಿಂದ ಬಂದ ಅಲಂಕಾರದ ಗಿಡವಲ್ಲ, ಈ ಮಣ್ಣಿನದೇ ಗಿಡ. ಕನ್ನಡದಂತೆಯೇ ತೆಲುಗು, ತಮಿಳು, ಮಲಯಾಳಗಳಲ್ಲಿಯೂ ಇದು ಕನಕಾಂಬರವೇ. ನಮ್ಮ ಕರಾವಳಿಯಲ್ಲಿ ಅಬ್ಬಲಿಗೆ ಎಂಬ ಹೆಸರು ಬಳಕೆಯಲ್ಲಿದೆ. ಕೊಂಕಣಿ ಮತ್ತು ಮರಾಠಿಯಲ್ಲಿ ಅಬೋಲಿ ಎನ್ನುತ್ತಾರೆ.

ಹೂವಿಗೆ ಪರಿಮಳವಿಲ್ಲ. ಆದರೂ ಇದಕ್ಕೆ ಬೇಡಿಕೆ ಕುಗ್ಗಿಲ್ಲ. ಹೂ ಬಹಳ ಹಗುರವಾದುದರಿಂದ ಎಷ್ಟು ಒತ್ತಾಗಿ ಕಟ್ಟಿದರೂ ಜಡೆಗೆ ಭಾರವೆನಿಸುವುದಿಲ್ಲ. ಕಟ್ಟಿದ ಮೇಲೆ ಮಲ್ಲಿಗೆಗಿಂತ ಹೆಚ್ಚು ಕಾಲ ಬಾಡದೆ ಉಳಿಯುತ್ತದೆ. ಮಲ್ಲಿಗೆಯ ಬಿಳುಪಿಗೂ ಮರುಗದ ಹಸಿರಿಗೂ ಇದರ ಕಿತ್ತಳೆ ಬಣ್ಣ ಹೊಂದುತ್ತದೆ. ಈ ಕಾರಣಗಳಿಂದ ಮಲ್ಲಿಗೆ ಮಾರುವ ಕಡೆಯಲ್ಲೆಲ್ಲ ಕನಕಾಂಬರಕ್ಕೂ ಸ್ಥಳವಿದೆ.

ಹಿತ್ತಲಿನಲ್ಲಿ ಬದುಕಿದ್ದೇಕೆ, ಹೊಲದಲ್ಲಿ ಸಾಯುವುದೇಕೆ?

ಕನಕಾಂಬರದ ಬೇರುಗಳಿಗೆ ಇರುವ ದೊಡ್ಡ ಶತ್ರು ಕಣ್ಣಿಗೆ ಕಾಣದಷ್ಟು ಸಣ್ಣದಾದ ಜಂತುಹುಳು, ಅಂದರೆ ನೆಮಟೋಡ್. ಇವು ಮಣ್ಣಿನಲ್ಲಿದ್ದು ಬೇರನ್ನು ಚುಚ್ಚಿ ರಸ ಹೀರುತ್ತವೆ. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಒಂದು ಬಗೆಯವು ಬೇರಿನೊಳಗೆ ಓಡಾಡಿ ಕಪ್ಪು ಗಾಯಗಳನ್ನು ಮಾಡುತ್ತವೆ. ಇನ್ನೊಂದು ಬಗೆಯವು ಬೇರಿನಲ್ಲಿ ಗಂಟುಗಳನ್ನು ಉಂಟುಮಾಡುತ್ತವೆ. ಬದನೆ, ಟೊಮೆಟೊ, ಬೆಂಡೆ ಬೆಳೆಯುವ ರೈತರಿಗೆ ಈ ಗಂಟುಗಳ ಪರಿಚಯವಿದೆ. ಜಂತುಹುಳು ಮಾಡಿದ ಗಾಯದ ಮೂಲಕ ಫ್ಯುಸೇರಿಯಂ ಎಂಬ ಶಿಲೀಂಧ್ರ ಒಳಹೊಕ್ಕು ಸೊರಗು ರೋಗವನ್ನು ತರುತ್ತದೆ. ಹೀಗೆ ಹುಳುವು ಬಾಗಿಲು ತೆರೆಯುತ್ತದೆ, ರೋಗವು ಮನೆಯೊಳಗೆ ಬರುತ್ತದೆ.

ಹಿತ್ತಲಿನಲ್ಲಿ ಈ ಶತ್ರು ಇರಲಿಲ್ಲವೆಂದಲ್ಲ. ಅಲ್ಲಿ ನಾಲ್ಕೇ ಗಿಡಗಳು ದೂರ ದೂರ ಇದ್ದವು. ಸುತ್ತ ಹತ್ತು ಬಗೆಯ ಬೇರೆ ಗಿಡಗಳಿದ್ದವು. ಒಲೆಯ ಬೂದಿ, ಕಸ, ಸಗಣಿ ಬಿದ್ದು ಮಣ್ಣು ಸಡಿಲವಾಗಿ ಸಾವಯವ ಅಂಶದಿಂದ ತುಂಬಿತ್ತು. ಅಂತಹ ಮಣ್ಣಿನಲ್ಲಿ ಜಂತುಹುಳುಗಳನ್ನು ತಿನ್ನುವ ಜೀವಿಗಳೂ ಇರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿಯೂ ಗಿಡಗಳು ಸಾಯುತ್ತಿದ್ದವು. ಆದರೆ ಒಂದು ಗಿಡ ಸಾಯುವ ಹೊತ್ತಿಗೆ ಅದರ ಬೀಜ ಸಿಡಿದು ಮಾರುದೂರದ ಹೊಸ ಮಣ್ಣಿನಲ್ಲಿ ಇನ್ನೊಂದು ಗಿಡ ಹುಟ್ಟಿರುತ್ತಿತ್ತು. ಗಿಡ ಜಾಗ ಬದಲಿಸುತ್ತಿತ್ತು. ನೋಡುವವರಿಗೆ ಮಾತ್ರ ‘ಕನಕಾಂಬರ ಸದಾ ಇದೆ’ ಎಂದು ತೋರುತ್ತಿತ್ತು.

ಹೊಲದಲ್ಲಿ ಇದಕ್ಕೆ ವಿರುದ್ಧವಾದ ಪರಿಸ್ಥಿತಿ ಇರುತ್ತದೆ. ಒಂದೇ ಜಾತಿಯ ಸಾವಿರಾರು ಗಿಡಗಳು ಅಡಿಗೊಂದರಂತೆ ನಿಂತು, ಒಂದರ ಬೇರು ಇನ್ನೊಂದನ್ನು ಮುಟ್ಟುತ್ತ, ಮೂರು ನಾಲ್ಕು ವರ್ಷ ಅದೇ ಜಾಗದಲ್ಲಿ ಇರುತ್ತವೆ. ಜಂತುಹುಳುವಿಗೆ ಇದಕ್ಕಿಂತ ಒಳ್ಳೆಯ ಊಟದ ಮನೆ ಸಿಗಲಾರದು. ಒಂದು ಕಡೆ ಸೇರಿದ ಹುಳು ಕಾಲುವೆಯ ನೀರಿನೊಡನೆ, ಗುದ್ದಲಿಗೆ ಮೆತ್ತಿದ ಮಣ್ಣಿನೊಡನೆ ಉಳಿದ ಕಡೆಗೂ ಹರಡುತ್ತದೆ.

ಆದುದರಿಂದ ಹೊಲದಲ್ಲಿ ಕನಕಾಂಬರ ಬೆಳೆಯುವ ರೈತನು ಹಿತ್ತಲು ತಾನಾಗಿಯೇ ಮಾಡುತ್ತಿದ್ದ ಮೂರು ಕೆಲಸಗಳನ್ನು ತಿಳಿದು ಮಾಡಬೇಕು. ಸಸಿ ಶುದ್ಧವಾಗಿರಬೇಕು, ಮಣ್ಣಿಗೆ ಸಾವಯವ ಗೊಬ್ಬರ ಧಾರಾಳವಾಗಿ ಸೇರಬೇಕು, ಕಾಲಕಾಲಕ್ಕೆ ಜಾಗ ಬದಲಾಗಬೇಕು. ಮುಂದೆ ಹೇಳುವ ಬೇಸಾಯ ಕ್ರಮಗಳೆಲ್ಲ ಈ ಮೂರರ ಸುತ್ತಲೇ ಇವೆ.

ಹವಾಗುಣ ಮತ್ತು ಮಣ್ಣು

ಕನಕಾಂಬರ ಬೆಚ್ಚನೆಯ ಹವೆಯನ್ನು ಬಯಸುತ್ತದೆ. ಹಗಲಿನ ಉಷ್ಣತೆ 30ರಿಂದ 35 ಡಿಗ್ರಿ ಸೆಲ್ಸಿಯಸ್ ಇರುವ ಕಡೆ ಚೆನ್ನಾಗಿ ಬೆಳೆಯುತ್ತದೆ. ಚಳಿ ಹೆಚ್ಚಾದರೆ ಬೆಳವಣಿಗೆ ಕುಂಠಿತವಾಗುತ್ತದೆ. ಇಬ್ಬನಿ ಹೆಪ್ಪುಗಟ್ಟುವಂತಹ ಚಳಿಯನ್ನು ಗಿಡ ತಡೆಯಲಾರದು. ಅರೆನೆರಳನ್ನು ಸಹಿಸಿಕೊಳ್ಳುವುದರಿಂದ ಎಳೆಯ ತೆಂಗಿನ ತೋಟದಲ್ಲಿ ಮಿಶ್ರ ಬೆಳೆಯಾಗಿಯೂ ಬೆಳೆಯಬಹುದು. ಆದರೆ ನೆರಳು ದಟ್ಟವಾದರೆ ಎಲೆ ಹೆಚ್ಚಿ ಹೂ ಕಡಿಮೆಯಾಗುತ್ತದೆ.

ನೀರು ಚೆನ್ನಾಗಿ ಬಸಿದು ಹೋಗುವ ಕೆಂಪು ಗೋಡು ಮಣ್ಣು ಉತ್ತಮ. ಮಣ್ಣಿನ ರಸಸಾರ 6ರಿಂದ 7.5ರವರೆಗೆ ಇದ್ದರೆ ಸೂಕ್ತ. ನೀರು ನಿಲ್ಲುವ ಜೇಡಿ ಭೂಮಿ, ಚೌಳು ಭೂಮಿ ಪ್ರಯೋಜನವಿಲ್ಲ. ಹಿಂದಿನ ಬೆಳೆ ಯಾವುದಾಗಿತ್ತೆಂದು ವಿಚಾರಿಸುವುದು ಮಣ್ಣಿನ ಬಣ್ಣ ನೋಡುವುದಕ್ಕಿಂತಲೂ ಮುಖ್ಯ. ಬದನೆ, ಟೊಮೆಟೊ, ಬೆಂಡೆ ಬೆಳೆದು ಬೇರಿನಲ್ಲಿ ಗಂಟುಗಳು ಕಂಡುಬಂದ ಜಾಗಕ್ಕೆ ಕನಕಾಂಬರ ಹಾಕಬಾರದು.

ತಳಿಗಳು

ಹಿತ್ತಲುಗಳಲ್ಲಿ ಕಾಣುವುದು ಕಿತ್ತಳೆ ಬಣ್ಣದ ನಾಟಿ ಕನಕಾಂಬರ. ಇದು ಬೀಜ ಕಟ್ಟುತ್ತದೆ. ಹಳದಿ ಹೂವಿನ ಲ್ಯೂಟಿಯಾ, ಕೆಂಪು ಹೂವಿನ ಸೆಬಾಕುಲಿಸ್ ಬಗೆಗಳೂ ಇವೆ.

ವ್ಯಾಪಾರಕ್ಕಾಗಿ ಬೆಳೆಯುವವರಲ್ಲಿ ಡೆಲ್ಲಿ ಕನಕಾಂಬರ ಹೆಚ್ಚು ಪ್ರಚಾರದಲ್ಲಿದೆ. ಇದರ ಹೂ ಗಾಢ ಕಿತ್ತಳೆ ಬಣ್ಣದ್ದು, ದೊಡ್ಡದು, ಮಾರುಕಟ್ಟೆಯಲ್ಲಿ ಎದ್ದು ಕಾಣುವಂಥದು. ಆದರೆ ಈ ತಳಿ ಬೀಜ ಕಟ್ಟುವುದಿಲ್ಲ. ಸಾಮಾನ್ಯ ಗಿಡಗಳಲ್ಲಿ ವರ್ಣತಂತುಗಳು ಜೋಡಿಯಾಗಿರುತ್ತವೆ. ಡೆಲ್ಲಿ ತಳಿಯಲ್ಲಿ ಅವು ಮೂರು ಮೂರಾಗಿ ಇರುವುದರಿಂದ ಬೀಜವಾಗುವ ಕಾಲದಲ್ಲಿ ಸಮನಾಗಿ ಹಂಚಿಕೆಯಾಗಲಾರವು. ಆದ್ದರಿಂದ ಇದನ್ನು ಕಡ್ಡಿಗಳಿಂದಲೇ ವೃದ್ಧಿ ಮಾಡಬೇಕು.

ಇದರಲ್ಲಿ ಒಂದು ಅನುಕೂಲ ಮತ್ತು ಒಂದು ಅಪಾಯ ಎರಡೂ ಇವೆ. ಎಲ್ಲ ಗಿಡಗಳೂ ತಾಯಿಯನ್ನೇ ಹೋಲುವುದರಿಂದ ಹೂವಿನ ಬಣ್ಣ, ಗಾತ್ರ ಒಂದೇ ಸಮನಾಗಿರುತ್ತವೆ. ಆದರೆ ಒಂದು ಗಿಡಕ್ಕೆ ತಗಲುವ ರೋಗ ಎಲ್ಲಕ್ಕೂ ಅಷ್ಟೇ ಸುಲಭವಾಗಿ ತಗಲುತ್ತದೆ. ರೋಗದ ಮಣ್ಣಿನಲ್ಲಿ ಬೇರು ಬಿಡಿಸಿದ ಕಡ್ಡಿಯು ರೋಗವನ್ನು ಬೇರಿನಲ್ಲಿಯೇ ಹೊತ್ತು ತರುತ್ತದೆ.

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅರ್ಕಾ ಅಂಬರ, ಅರ್ಕಾ ಕನಕ, ಅರ್ಕಾ ಶ್ರೀಯ, ಅರ್ಕಾ ಶ್ರಾವ್ಯ ಮುಂತಾದ ಸುಧಾರಿತ ತಳಿಗಳನ್ನು ಬಿಡುಗಡೆ ಮಾಡಿದೆ. ಹೊಸದಾಗಿ ತೋಟ ಮಾಡುವವರು ತಮ್ಮ ಭಾಗಕ್ಕೆ ಯಾವುದು ಹೊಂದುತ್ತದೆಂಬುದನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಯಾವ ತಳಿ ಹಾಕಿದರೂ ಮನೆಯ ಬಳಿ ನಾಟಿ ಕನಕಾಂಬರದ ಹತ್ತು ಗಿಡಗಳನ್ನು ಬೀಜಕ್ಕಾಗಿ ಉಳಿಸಿಕೊಂಡಿರಬೇಕು. ಬೀಜ ಕೊಡುವ ಗಿಡವೇ ಊರಿನಿಂದ ಮರೆಯಾದರೆ ಮತ್ತೆ ತರುವುದು ಕಷ್ಟ.

ಬೀಜ ಸಂಗ್ರಹಣೆ

ಬಾಲ್ಯದ ಪಟಾಕಿ ಆಟ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕನಕಾಂಬರದ ಒಂದೊಂದು ಕಾಯಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬೀಜಗಳಿರುತ್ತವೆ. ಒಣಗಿದ ಕಾಯಿಗೆ ತೇವ ತಗಲಿದೊಡನೆ ಅದರ ಗೋಡೆಗಳು ಸೆಟೆದು ಎರಡಾಗಿ ಸೀಳಿ ಬೀಜವನ್ನು ಕವಣೆಯಂತೆ ಎಸೆಯುತ್ತವೆ. ಮಳೆ ಬಂದು ನೆಲ ಹದವಾದಾಗಲೇ ಬೀಜ ಬೀಳಲೆಂದು ಗಿಡ ಮಾಡಿಕೊಂಡ ಏರ್ಪಾಡು ಇದು. ಆದರೆ ಬೀಜ ಬೇಕಾದ ರೈತನಿಗೆ ಒಂದು ಮಳೆ ಬಂದರೂ ಬೀಜವೆಲ್ಲ ನಷ್ಟ.

ಆದುದರಿಂದ ತೆನೆಗಳು ಕಂದು ಬಣ್ಣಕ್ಕೆ ತಿರುಗಿ ಒಣಗಿದ ಕೂಡಲೇ, ಇಬ್ಬನಿ ಆರಿದ ಮೇಲೆ, ಬಿಸಿಲಿನ ಹೊತ್ತಿನಲ್ಲಿ ಕತ್ತರಿಸಿಕೊಳ್ಳಬೇಕು. ಅವನ್ನು ಅಗಲವಾದ ಪಾತ್ರೆಯಲ್ಲಿಟ್ಟು ನೀರು ಚಿಮುಕಿಸಿ, ತೆಳುವಾದ ಬಟ್ಟೆಯಿಂದ ಬಾಯಿ ಕಟ್ಟಬೇಕು. ಕಾಯಿಗಳು ಸಿಡಿದು ಬೀಜಗಳು ಪಾತ್ರೆಯೊಳಗೇ ಉಳಿಯುತ್ತವೆ. ಬೀಜವನ್ನು ಆರಿಸಿ ನೆರಳಿನಲ್ಲಿ ಚೆನ್ನಾಗಿ ಒಣಗಿಸಬೇಕು. ಆದಷ್ಟು ಹೊಸ ಬೀಜವನ್ನೇ ಬಿತ್ತಬೇಕು.

ರೋಗವಿಲ್ಲದ, ಹೂವು ಒತ್ತಾಗಿ ಬಿಡುವ, ಬಣ್ಣ ಚೆನ್ನಾಗಿರುವ ಗಿಡಗಳನ್ನು ಮೊದಲೇ ಗುರುತಿಸಿ ಅವುಗಳ ತೆನೆಗಳನ್ನು ಮಾತ್ರ ಬೀಜಕ್ಕೆ ಬಿಡಬೇಕು. ಉಳಿದ ಗಿಡಗಳಲ್ಲಿ ಹೂ ಮುಗಿದ ತೆನೆಗಳನ್ನು ಕತ್ತರಿಸಿ ಹಾಕಬೇಕು. ಕಾಯಿ ಕಟ್ಟಲು ಬಿಟ್ಟರೆ ಗಿಡದ ಶಕ್ತಿ ಬೀಜಕ್ಕೆ ಹೋಗಿ ಹೂ ಕಡಿಮೆಯಾಗುತ್ತದೆ.

ಸಸಿ ಮಡಿ

ತೋಟದ ಆರೋಗ್ಯ ನಿರ್ಧಾರವಾಗುವುದು ಸಸಿ ಮಡಿಯಲ್ಲಿ. ಸಸಿಯ ಬೇರಿನೊಡನೆ ಬಂದ ಒಂದು ಹಿಡಿ ಮಣ್ಣು ಇಡೀ ಹೊಲವನ್ನು ಕೆಡಿಸಬಲ್ಲದು. ಆದ್ದರಿಂದ ಹಿಂದೆ ತರಕಾರಿ ಸಸಿ ಬೆಳೆಸಿದ ಜಾಗವನ್ನು ಬಿಟ್ಟು ಹೊಸ ಜಾಗದಲ್ಲಿ ಮಡಿ ಮಾಡಬೇಕು.

ಏಪ್ರಿಲ್–ಮೇ ತಿಂಗಳ ಬಿಸಿಲನ್ನು ಇದಕ್ಕೆ ಉಪಯೋಗಿಸಿಕೊಳ್ಳಬಹುದು. ಮಡಿಯ ಮಣ್ಣನ್ನು ಹುಡಿ ಮಾಡಿ, ಚೆನ್ನಾಗಿ ನೀರು ಹಾಯಿಸಿ, ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಬೇಕು. ಹೀಗೆ 4ರಿಂದ 6 ವಾರ ಬಿಟ್ಟರೆ ಒಳಗಿನ ಮಣ್ಣು ಕಾದು ಜಂತುಹುಳು, ಶಿಲೀಂಧ್ರ, ಕಳೆಬೀಜಗಳು ಬಹುಮಟ್ಟಿಗೆ ನಾಶವಾಗುತ್ತವೆ. ಕಪ್ಪು ಹಾಳೆ ಈ ಕೆಲಸಕ್ಕೆ ಅಷ್ಟು ಬಾರದು. ಬಿಸಿಲು ಒಳಹೊಕ್ಕು ಮಣ್ಣನ್ನು ಕಾಯಿಸಬೇಕಾದರೆ ಹಾಳೆ ಪಾರದರ್ಶಕವಾಗಿಯೇ ಇರಬೇಕು.

ಅನಂತರ ನೆಲದಿಂದ ಅರ್ಧ ಅಡಿ ಎತ್ತರದ ಏರುಮಡಿ ಮಾಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿ ಬೆರೆಸಬೇಕು. ಬೀಜದ ಮೇಲೆ ಹೊಟ್ಟಿನಂತಹ ಸಣ್ಣ ಪದರಗಳಿದ್ದು ಒದ್ದೆಯಾದರೆ ಕೈಗೆ ಅಂಟುವುದರಿಂದ ಒಣ ಮರಳಿನೊಡನೆ ಬೆರೆಸಿ ಸಾಲುಗಳಲ್ಲಿ ತೆಳುವಾಗಿ ಬಿತ್ತಿ, ಮೇಲೆ ಮರಳು ಮತ್ತು ಗೊಬ್ಬರದ ತೆಳುವಾದ ಹೊದಿಕೆ ಕೊಡಬೇಕು. ಮೊಳಕೆ ಬರುವವರೆಗೆ ಹುಲ್ಲು ಹೊದಿಸಿ ಹೂಜರಡಿಯಿಂದ ನೀರು ಕೊಡಬೇಕು. ಬಿತ್ತಿದ 2–3 ವಾರಗಳಲ್ಲಿ ಮೊಳಕೆ ಕಾಣುತ್ತದೆ. ಸುಮಾರು 60 ದಿನಗಳಲ್ಲಿ ಸಸಿಗಳು ನಾಟಿಗೆ ಸಿದ್ಧವಾಗುತ್ತವೆ.

ಡೆಲ್ಲಿ ತಳಿಗೆ ಬಲಿತ ಆರೋಗ್ಯವಂತ ಗಿಡದಿಂದ 3–4 ಗೆಣ್ಣುಗಳಿರುವ ಕಡ್ಡಿಗಳನ್ನು ತೆಗೆದು, ಮೇಲಿನ ಎರಡು ಎಲೆಗಳನ್ನು ಬಿಟ್ಟು ಉಳಿದುವನ್ನು ಕಿತ್ತು, ಶುದ್ಧವಾದ ಮರಳು ಅಥವಾ ತೆಂಗಿನ ನಾರಿನ ಪುಡಿ ತುಂಬಿದ ಚೀಲಗಳಲ್ಲಿ ನೆಟ್ಟು ನೆರಳಿನಲ್ಲಿಡಬೇಕು. ಕಡ್ಡಿಯನ್ನು ನೇರವಾಗಿ ಹಳೆಯ ತೋಟದ ಮಣ್ಣಿನಲ್ಲಿ ಊರಬಾರದು. ಸಸಿ ಕೊಳ್ಳುವವರು ಬೆಲೆ ಮಾತನಾಡುವ ಮೊದಲು ಎರಡು ಸಸಿಗಳ ಬೇರನ್ನು ನೀರಿನಲ್ಲಿ ತೊಳೆದು ನೋಡಬೇಕು. ಬೇರು ಬೆಳ್ಳಗಿದ್ದರೆ ಕೊಳ್ಳಬಹುದು. ಗಂಟಾಗಲಿ ಕಪ್ಪು ಮಚ್ಚೆಯಾಗಲಿ ಕಂಡರೆ ಬಿಟ್ಟಿ ಕೊಟ್ಟರೂ ತರಬಾರದು.

ಭೂಮಿ ಸಿದ್ಧತೆ ಮತ್ತು ನಾಟಿ

ಬೇಸಿಗೆಯಲ್ಲಿ ಭೂಮಿಯನ್ನು ಆಳವಾಗಿ ಉತ್ತು ಬಿಸಿಲಿಗೆ ಬಿಡಬೇಕು. ಕೊನೆಯ ಉಳುಮೆಯಲ್ಲಿ ಎಕರೆಗೆ ಸುಮಾರು 10 ಟನ್ ಕೊಟ್ಟಿಗೆ ಗೊಬ್ಬರವನ್ನು ಮಣ್ಣಿಗೆ ಸೇರಿಸಬೇಕು. ಅಂದರೆ ಗುಂಟೆಗೆ 250 ಕಿಲೋ. ಗೊಬ್ಬರ ಚೆನ್ನಾಗಿ ಕಳಿತಿರಬೇಕು.

ಮಳೆಗಾಲದ ಮೊದಲ ಭಾಗವಾದ ಜೂನ್–ಜುಲೈ ಅಥವಾ ಸೆಪ್ಟೆಂಬರ್–ಅಕ್ಟೋಬರ್ ತಿಂಗಳು ನಾಟಿಗೆ ಅನುಕೂಲ. ಬೋದು ಮತ್ತು ಸಾಲುಗಳನ್ನು ಮಾಡಿ, ಬೋದಿನ ಪಕ್ಕದಲ್ಲಿ ನೆಡಬೇಕು. ನಾಟಿ ತಳಿಗೆ ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಅಂತರ ಸಾಕು. ಹರಡಿಕೊಂಡು ಬೆಳೆಯುವ ಡೆಲ್ಲಿ ತಳಿಗೆ 60 ಮತ್ತು 40 ಸೆಂಟಿಮೀಟರ್ ಅಂತರ ಕೊಡಬೇಕು. ಈ ಲೆಕ್ಕದಂತೆ ಗುಂಟೆಯೊಂದಕ್ಕೆ ನಾಟಿ ತಳಿಯ ಸುಮಾರು 560 ಸಸಿಗಳು, ಡೆಲ್ಲಿ ತಳಿಯ ಸುಮಾರು 420 ಸಸಿಗಳು ಬೇಕಾಗುತ್ತವೆ. ಗುಳಿಗೆ ಬೀಳುವ ಸಸಿಗಳಿಗೆಂದು ನೂರಕ್ಕೆ ಹತ್ತು ಹೆಚ್ಚಾಗಿ ಇಟ್ಟುಕೊಂಡಿರಬೇಕು.

ಗೊಬ್ಬರ ಮತ್ತು ನೀರು

ಕನಕಾಂಬರ ವರ್ಷವಿಡೀ ಹೂ ಕೊಡುವ ಬೆಳೆಯಾದುದರಿಂದ ಒಂದೇ ಸಲ ಹೆಚ್ಚು ಗೊಬ್ಬರ ಹಾಕುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡುವುದು ಮೇಲು. ರಂಜಕವನ್ನು ನಾಟಿಯ ಸಮಯದಲ್ಲಿಯೂ, ಸಾರಜನಕ ಮತ್ತು ಪೊಟ್ಯಾಷ್‌ಗಳನ್ನು ಕಂತುಗಳಲ್ಲಿಯೂ ಕೊಡಬೇಕು. ಪ್ರಮಾಣವನ್ನು ಮಣ್ಣು ಪರೀಕ್ಷೆ ಮಾಡಿಸಿ ನಿರ್ಧರಿಸಬೇಕು. ನಾಟಿ ಮಾಡಿದ ಮೂರು ತಿಂಗಳಿಗೆ, ಮತ್ತು ಅನಂತರ ಆರು ತಿಂಗಳಿಗೊಮ್ಮೆ ಎಕರೆಗೆ 100 ಕಿಲೋ ಬೇವಿನ ಹಿಂಡಿಯನ್ನು ಗಿಡದ ಬುಡಕ್ಕೆ ಕೊಟ್ಟು ಮಣ್ಣು ಏರಿಸಬೇಕು. ಬೇವಿನ ಹಿಂಡಿ ಗೊಬ್ಬರವೂ ಹೌದು, ಜಂತುಹುಳುವಿಗೆ ತಡೆಯೂ ಹೌದು. ಯೂರಿಯಾ ಹೆಚ್ಚಾದರೆ ಎಲೆ ಸೊಕ್ಕಿ ಹೂ ಹಿಂದಾಗುತ್ತದೆ, ರಸ ಹೀರುವ ಕೀಟಗಳೂ ಹೆಚ್ಚುತ್ತವೆ.

ನಾಟಿಯಾದ ದಿನ ಮತ್ತು ಮೂರನೆಯ ದಿನ ನೀರು ಕೊಟ್ಟು, ಅನಂತರ ಮಣ್ಣು ಮತ್ತು ಹವೆಯನ್ನು ನೋಡಿಕೊಂಡು ವಾರಕ್ಕೊಮ್ಮೆ ಕೊಡಬೇಕು. ಬುಡದಲ್ಲಿ ನೀರು ನಿಲ್ಲಬಾರದು. ಒಂದು ಮಡಿಯ ನೀರು ಇನ್ನೊಂದು ಮಡಿಯ ಮೂಲಕ ಹರಿದು ಹೋಗದಂತೆ ಕಾಲುವೆಗಳನ್ನು ಬೇರೆ ಬೇರೆ ಮಾಡಿದರೆ ರೋಗ ಹರಡುವುದು ತಪ್ಪುತ್ತದೆ. ಹನಿ ನೀರಾವರಿ ಇದ್ದವರಿಗೆ ಈ ತೊಂದರೆ ಕಡಿಮೆ.

ಜಂತುಹುಳು ಮತ್ತು ಸೊರಗು ರೋಗ

ಜಂತುಹುಳು ತಗಲಿದ ಗಿಡದ ಲಕ್ಷಣಗಳನ್ನು ಬೇಗ ಗುರುತಿಸಬೇಕು. ಬೆಳವಣಿಗೆ ನಿಂತು ಗಿಡ ಕುಳ್ಳಾಗುತ್ತದೆ. ಎಲೆಗಳು ಸಣ್ಣದಾಗಿ, ಒರಟಾಗಿ, ಹಳದಿ ಅಥವಾ ನಸುಗೆಂಪು ನೇರಳೆ ಬಣ್ಣಕ್ಕೆ ತಿರುಗುತ್ತವೆ. ತೆನೆಗಳು ಗಿಡ್ಡವಾಗುತ್ತವೆ. ಇಂತಹ ಗಿಡಗಳು ಹೊಲದಲ್ಲೆಲ್ಲ ಸಮನಾಗಿ ಹರಡಿರದೆ ಅಲ್ಲಲ್ಲಿ ಗುಂಪಾಗಿ ಕಾಣಿಸಿಕೊಳ್ಳುತ್ತವೆ. ಹೊಲದಲ್ಲೆಲ್ಲ ಒಂದೇ ಸಮನಾಗಿ ಎಲೆ ಹಳದಿಯಾಗಿದ್ದರೆ ಅದು ಗೊಬ್ಬರದ ಕೊರತೆ ಇರಬಹುದು. ತೇಪೆ ತೇಪೆಯಾಗಿದ್ದರೆ ಬೇರನ್ನು ಕಿತ್ತು ನೋಡಬೇಕು.

ಸಂಶಯ ಬಂದಾಗ ತೇಪೆಯ ಅಂಚಿನಲ್ಲಿರುವ, ಇನ್ನೂ ಸಾಯದ ಐದಾರು ಗಿಡಗಳ ಬುಡದಿಂದ ಬೇರು ಸಹಿತ ಸುಮಾರು ಕಾಲು ಕಿಲೋ ಹಸಿ ಮಣ್ಣನ್ನು ಪಾಲಿಥೀನ್ ಚೀಲದಲ್ಲಿ ಹಾಕಿ, ಬಿಸಿಲಿಗೆ ಒಡ್ಡದೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ವಿಶ್ವವಿದ್ಯಾನಿಲಯದ ಪ್ರಯೋಗಾಲಯಕ್ಕೆ ತಲುಪಿಸಬೇಕು. ಪೂರ್ತಿ ಸತ್ತ ಗಿಡದ ಬುಡದಲ್ಲಿ ಹುಳುಗಳು ಕಡಿಮೆಯಾಗಿರುವುದರಿಂದ ಅಲ್ಲಿಯ ಮಣ್ಣು ಪರೀಕ್ಷೆಗೆ ಸೂಕ್ತವಲ್ಲ.

ಹಳೆಯ ಕರಪತ್ರಗಳಲ್ಲಿ ಜಂತುಹುಳುವಿಗೆ ಫೊರೇಟ್ ಹರಳು ಹಾಕುವಂತೆ ಸೂಚನೆ ಇರುತ್ತಿತ್ತು. ಈ ವಿಷವನ್ನು ಭಾರತದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. ಹಳೆಯ ದಾಸ್ತಾನು ಯಾರ ಬಳಿಯಾದರೂ ಉಳಿದಿದ್ದರೂ ಉಪಯೋಗಿಸಬಾರದು. ಕನಕಾಂಬರದ ಹೂವನ್ನು ಬರಿಗೈಯಲ್ಲಿ ಬಿಡಿಸಿ, ಬರಿಗೈಯಲ್ಲಿ ಕಟ್ಟಿ, ತಲೆಗೆ ಮುಡಿಯುತ್ತಾರೆ. ಹೂ ಬಿಡಿಸುವವರಲ್ಲಿ ಹೆಂಗಸರೂ ಮಕ್ಕಳೂ ಇರುತ್ತಾರೆಂಬುದನ್ನು ಮರೆಯಬಾರದು.

ಇದಕ್ಕೆ ಬದಲಾಗಿ ಕೆಳಗಿನ ಕ್ರಮಗಳನ್ನು ಒಟ್ಟಾಗಿ ಅನುಸರಿಸಬೇಕು. ಚೆನ್ನಾಗಿ ಕಳಿತ 100 ಕಿಲೋ ಕೊಟ್ಟಿಗೆ ಗೊಬ್ಬರಕ್ಕೆ 1 ಕಿಲೋ ಟ್ರೈಕೋಡರ್ಮಾ ಪುಡಿಯನ್ನು ಬೆರೆಸಿ, ನೆರಳಿನಲ್ಲಿ ರಾಶಿ ಹಾಕಿ, ತೇವ ಆರದಂತೆ ಎರಡು ವಾರ ಇಟ್ಟು, ಗಿಡಕ್ಕೆ ಒಂದೊಂದು ಹಿಡಿ ಕೊಡಬೇಕು. ಇದು ಸೊರಗು ರೋಗದ ಶಿಲೀಂಧ್ರವನ್ನು ತಡೆಯುತ್ತದೆ. ಸಾಲುಗಳ ನಡುವೆ ಅಥವಾ ಹೊಲದ ಸುತ್ತ ಚೆಂಡು ಹೂ ಬೆಳೆಯಬೇಕು. ಚೆಂಡು ಹೂವಿನ ಬೇರಿನಲ್ಲಿರುವ ವಸ್ತುಗಳು ಜಂತುಹುಳುವಿಗೆ ಮಾರಕ. ಸೊರಗಿದ ಗಿಡವನ್ನು ಬುಡದ ಮಣ್ಣು ಸಹಿತ ಅಗೆದು ತೆಗೆದು ಸುಡಬೇಕು. ಅದೇ ಗುಳಿಗೆ ಮತ್ತೆ ಕನಕಾಂಬರ ನೆಡಬಾರದು. ರೋಗದ ಜಾಗದಲ್ಲಿ ಬಳಸಿದ ಗುದ್ದಲಿ, ಕುಡುಗೋಲುಗಳನ್ನು ತೊಳೆದ ನಂತರವೇ ಬೇರೆ ಕಡೆ ಬಳಸಬೇಕು.

ಇತರ ಕೀಟಗಳು

ಹಿಟ್ಟು ತಿಗಣೆ, ಸಸ್ಯಹೇನು, ಬಿಳಿ ನೊಣಗಳು ಎಳೆಯ ಚಿಗುರು ಮತ್ತು ತೆನೆಗಳಿಂದ ರಸ ಹೀರುತ್ತವೆ. ಪ್ರಾರಂಭದಲ್ಲಿಯೇ ಹಾನಿಗೊಂಡ ತುದಿಗಳನ್ನು ಕತ್ತರಿಸಿ ನಾಶಪಡಿಸಬೇಕು. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆಯ ಹೊತ್ತು, ಹೂ ಬಿಡಿಸಿದ ಮೇಲೆ ಸಿಂಪಡಿಸಬೇಕು. ಇರುವೆಗಳು ಹಿಟ್ಟು ತಿಗಣೆಯನ್ನು ಗಿಡದಿಂದ ಗಿಡಕ್ಕೆ ಸಾಗಿಸುವುದರಿಂದ ಇರುವೆ ಗೂಡುಗಳ ಕಡೆಗೂ ಗಮನವಿರಬೇಕು.

ಕೊಯ್ಲು ಮತ್ತು ಇಳುವರಿ

ನಾಟಿ ಮಾಡಿದ 2–3 ತಿಂಗಳಲ್ಲಿ ಹೂ ಬಿಡಲು ಪ್ರಾರಂಭವಾಗುತ್ತದೆ. ತೆನೆಯಲ್ಲಿ ಹೂಗಳು ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ಅರಳುತ್ತವೆ. ದಿನ ಬಿಟ್ಟು ದಿನ ಬೆಳಗಿನ ತಂಪಿನಲ್ಲಿ ಬಿಡಿಸಬೇಕು. ಹೂವಿನ ಎಸಳನ್ನು ಮಾತ್ರ ಮೃದುವಾಗಿ ಎಳೆದು, ತೆನೆಗೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಹೂ ಕಡಿಮೆ, ಉಳಿದ ಕಾಲದಲ್ಲಿ ಚೆನ್ನಾಗಿರುತ್ತದೆ. ಬಿಡಿಸಿದ ಹೂವನ್ನು ಒದ್ದೆ ಬಟ್ಟೆ ಹಾಸಿದ ಬುಟ್ಟಿಯಲ್ಲಿ, ಅದುಮದೆ, ಬಿಸಿಲು ಏರುವ ಮುನ್ನ ಮಾರುಕಟ್ಟೆಗೆ ಕಳುಹಿಸಬೇಕು.

ನಾಟಿ ತಳಿಯಿಂದ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 2000 ಕಿಲೋ ಹೂ ನಿರೀಕ್ಷಿಸಬಹುದು. ಡೆಲ್ಲಿ ತಳಿಯಲ್ಲಿ ಇದಕ್ಕಿಂತ ಹೆಚ್ಚು ಬರುತ್ತದೆ. ಆದರೆ ಇಳುವರಿಯ ಅಂಕಿಯನ್ನು ನೋಡಿ ಆಸೆಪಡುವ ಮೊದಲು ಕೈಗಳ ಲೆಕ್ಕ ಹಾಕಬೇಕು. ಒಂದು ಕಿಲೋ ಕನಕಾಂಬರವೆಂದರೆ ಸುಮಾರು 15,000 ಹೂಗಳು. 5 ಗುಂಟೆಯಲ್ಲಿ ವರ್ಷಕ್ಕೆ 100 ಕಿಲೋ ಬಂದರೆ ಅದು 15 ಲಕ್ಷ ಹೂವಾಯಿತು. ವರ್ಷದಲ್ಲಿ 150 ಸಲ ಬಿಡಿಸಿದರೂ ಸಲಕ್ಕೆ ಸರಾಸರಿ 10,000 ಹೂಗಳನ್ನು ಒಂದೊಂದಾಗಿ, ಬಿಸಿಲು ಏರುವುದರೊಳಗೆ ಬಿಡಿಸಬೇಕು. ಆದುದರಿಂದ ಮನೆಯಲ್ಲಿ ಬೆಳಗಿನ ಹೊತ್ತು ಬಿಡುವಿರುವ ಕೈಗಳೆಷ್ಟು ಎಂದು ನೋಡಿ ತೋಟದ ವಿಸ್ತೀರ್ಣವನ್ನು ನಿರ್ಧರಿಸಬೇಕು. ನಾಲ್ಕು ಜನರ ಸಂಸಾರಕ್ಕೆ 5 ಗುಂಟೆ ಸಾಕು. ಕೂಲಿಯವರನ್ನೇ ನಂಬಿ ಎಕರೆಗಟ್ಟಲೆ ಹಾಕಿದರೆ ಹೂವಿನ ಹಣ ಬಿಡಿಸುವವರ ಕೂಲಿಗೇ ಸರಿಹೋಗಬಹುದು.

ತೋಟ ತೆಗೆಯುವ ಕಾಲ

ಹೂ ಬಿಡುತ್ತಿರುವ ಗಿಡವನ್ನು ಕೀಳಲು ಯಾರಿಗೂ ಮನಸ್ಸು ಬಾರದು. ಅದರಲ್ಲಿಯೂ ಕನಕಾಂಬರವನ್ನು ಹಿತ್ತಲಿನಿಂದಲೇ ಬಲ್ಲ ಮನೆಗಳಲ್ಲಿ ‘ಇನ್ನೊಂದು ವರ್ಷ ಇರಲಿ’ ಎನ್ನುವವರೇ ಹೆಚ್ಚು. ಆದರೆ ಮೂರನೆಯ ವರ್ಷದ ನಂತರ ಇಳುವರಿ ಇಳಿಯತೊಡಗುತ್ತದೆ, ಮಣ್ಣಿನಲ್ಲಿ ಜಂತುಹುಳು ಏರತೊಡಗುತ್ತದೆ. ಆ ಒಂದು ವರ್ಷದ ಅಲ್ಪ ಹೂವಿಗಾಗಿ ಮುಂದಿನ ಹಲವು ವರ್ಷ ಆ ನೆಲದಲ್ಲಿ ಕನಕಾಂಬರ ಬೆಳೆಯದಂತಾಗುತ್ತದೆ. ಆದುದರಿಂದ ಮೂರು ವರ್ಷವಾದ ತೋಟವನ್ನು ಬೇರು ಸಹಿತ ತೆಗೆದು, ಬೇಸಿಗೆಯಲ್ಲಿ ಉತ್ತು ಬಿಟ್ಟು, ಒಂದು ಬೆಳೆ ಚೆಂಡು ಹೂ ತೆಗೆಯಬೇಕು. ಅದರಿಂದಲೂ ಹಣ ಬರುತ್ತದೆ, ನೆಲವೂ ಶುದ್ಧವಾಗುತ್ತದೆ.

10 ಗುಂಟೆ ಜಾಗ ಮೀಸಲಿಡಬಲ್ಲವರು ಅದನ್ನು ಎರಡು ಭಾಗ ಮಾಡಿಕೊಳ್ಳಬಹುದು. ಒಂದು ಭಾಗದಲ್ಲಿ ಕನಕಾಂಬರ ಎರಡು ವರ್ಷ ತುಂಬುವಾಗ ಇನ್ನೊಂದು ಭಾಗದಲ್ಲಿ ಹೊಸ ಸಸಿ ನೆಟ್ಟರೆ, ಹಳೆಯದನ್ನು ತೆಗೆಯುವ ಹೊತ್ತಿಗೆ ಹೊಸದು ಹೂ ಕೊಡುತ್ತಿರುತ್ತದೆ. ಮನೆಗೆ ಬರುವ ಹೂವಿನ ಹಣ ನಿಲ್ಲುವುದಿಲ್ಲ.

ನೆನಪಿಡಬೇಕಾದ ಅಂಶಗಳು

1. ಸಸಿಯ ಬೇರನ್ನು ತೊಳೆದು ನೋಡದೆ ಕೊಳ್ಳಬಾರದು, ನೆಡಬಾರದು.
2. ಬೇರು ಗಂಟು ಕಂಡ ತರಕಾರಿ ಭೂಮಿಗೆ ಕನಕಾಂಬರ ಹಾಕಬಾರದು.
3. ಸಸಿ ಮಡಿಯನ್ನು ಬೇಸಿಗೆಯ ಬಿಸಿಲಿನಲ್ಲಿ ಪಾರದರ್ಶಕ ಹಾಳೆ ಹೊದಿಸಿ ಶುದ್ಧಿಗೊಳಿಸಬೇಕು.
4. ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯನ್ನು ತಪ್ಪಿಸಬಾರದು.
5. ಸತ್ತ ಗಿಡದ ಗುಳಿಗೆ ಮತ್ತೆ ಕನಕಾಂಬರ ನೆಡಬಾರದು.
6. ಮೂರು ವರ್ಷಕ್ಕೆ ತೋಟ ತೆಗೆದು ಚೆಂಡು ಹೂ ಬೆಳೆಯಬೇಕು.
7. ಬೀಜಕ್ಕಾಗಿ ಹಿತ್ತಲಿನಲ್ಲಿ ಹತ್ತು ನಾಟಿ ಗಿಡಗಳಾದರೂ ಇರಬೇಕು.

ದೊಡ್ಡ ಬಂಡವಾಳ ಬೇಡದ, ಸಣ್ಣ ಹಿಡುವಳಿಗೆ ಹೊಂದುವ, ವಾರಕ್ಕೆ ಮೂರು ನಾಲ್ಕು ಸಲ ಹೆಂಗಸರ ಕೈಗೆ ನಗದು ಹಣ ತರುವ ಬೆಳೆಗಳಲ್ಲಿ ಕನಕಾಂಬರ ಒಂದು. ಹಿತ್ತಲಿನಲ್ಲಿ ಅದನ್ನು ಯಾರೂ ನೋಡಿಕೊಳ್ಳಲಿಲ್ಲವೆಂಬುದು ನಿಜವಲ್ಲ. ಕಸ ಗುಡಿಸಿ ಬುಡಕ್ಕೆ ಹಾಕಿದ ಕೈ, ಬಚ್ಚಲ ನೀರನ್ನು ಆ ಕಡೆಗೆ ತಿರುಗಿಸಿದ ಕೈ, ಬೀಜ ಸಿಡಿಸಿ ಹೊಸ ಜಾಗಕ್ಕೆ ಚೆಲ್ಲಿದ ಮಕ್ಕಳ ಕೈ ಅಲ್ಲಿ ಇದ್ದೇ ಇದ್ದವು. ಅದೇ ಆರೈಕೆಯನ್ನು ಹೊಲದಲ್ಲಿ ತಿಳಿದು ಮಾಡುವ ರೈತ ಬಾಂಧವರಿಗೆ ಈ ಗಿಡ ನಿರಾಶೆಯನ್ನು ಉಂಟುಮಾಡದು.